ಗಂಡಂದಿರ ಹೆಸರು ಹೊತ್ತು ತಾರ್ತುವಿಗೆ

ಹರಪನಹಳ್ಳಿ, ಹೊರಡುವ ಮುಂಚೆ

ಎಸ್ಟೋನಿಯಾ ಎಂಬ ದೇಶಕ್ಕೆ ನಾನು ಹೋದದ್ದು ಒಂದು ಪದವನ್ನು ಹೊಡೆದು ಹಾಕಿಸುವುದಕ್ಕೆ. ಊರು ನೋಡುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಪದ ಇರದಿದ್ದರೆ ನಾನು ಹರಪನಹಳ್ಳಿಯ ಕಾಲೇಜಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳಿಕೊಂಡು, ಸಂಜೆಗೆ ಒಂದು ಕಪ್ ಚಹಾ ಕುಡಿದು ಸುಖವಾಗಿರುತ್ತಿದ್ದೆ.

ಪದ ಯಾವುದೆಂದರೆ 'ಅಜಾಗರೂಕರು'.

ನಾಲ್ಕು ದೇಶದವರು ಕೂಡಿ ಒಂದು ಅಧ್ಯಯನ ಮಾಡುತ್ತಿದ್ದೆವು. ಜನ ತಮ್ಮ ಪಾಸ್‌ವರ್ಡನ್ನು ಹೇಗೆ ಆಯ್ದುಕೊಳ್ಳುತ್ತಾರೆ, ಎಲ್ಲಿ ಬಚ್ಚಿಡುತ್ತಾರೆ, ಯಾರ ಕಿವಿಗೆ ಹಾಕುತ್ತಾರೆ ಎಂಬುದು ವಿಷಯ. ಭಾರತ ನನ್ನ ಪಾಲಿಗೆ ಬಂದಿತ್ತು. ಭಾರತವೆಂದರೆ ನನ್ನ ಲೆಕ್ಕಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಎರಡು ವರ್ಷ ಬಸ್ಸು ಹತ್ತಿ ಇಳಿದು ಮನೆಮನೆ ತಿರುಗಿದೆ. ಪಾಸ್‌ವರ್ಡಿನ ವಿಷಯದಲ್ಲಿ ಮನುಷ್ಯರು ಪುಸ್ತಕದಲ್ಲಿ ಬರೆದಂತೆ ನಡೆಯುವುದಿಲ್ಲ ಎಂಬುದನ್ನು ಮೊದಲ ವಾರದಲ್ಲೇ ಕಲಿತೆ. ಹಿರೇಹಡಗಲಿಯ ಅಂಗಡಿಯವರೊಬ್ಬರು ತಮ್ಮ ಪಾಸ್‌ವರ್ಡನ್ನು ಗೋಡೆಯ ಮೇಲೆ, 'ಶ್ರೀ' ಎಂದು ಬರೆದ ಕೆಳಗೆ, ಕುಂಕುಮದಲ್ಲಿ ಬರೆದಿಟ್ಟಿದ್ದರು. ಗಿರಾಕಿಗಳು ಮಂತ್ರವೆಂದು ತಿಳಿದು ಕೈ ಮುಗಿಯುತ್ತಿದ್ದರು. ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಮನೆಯೊಂದರಲ್ಲಿ ಆರು ಮಂದಿಗೆ ಒಂದೇ ಫೋನು. ಅದರ ಬೀಗ ತೆಗೆಯುವ ಗೆರೆಯನ್ನು ಅತ್ತೆ ಸೊಸೆಗೆ ರಂಗೋಲಿ ಎಳೆ ಕಲಿಸಿದ ಹಾಗೆ ಬೆರಳು ಹಿಡಿದು ಕಲಿಸಿದ್ದಳು.

ವಯಸ್ಸಾದ ಹೆಣ್ಣುಮಕ್ಕಳದು ಬೇರೆಯೇ ಕಥೆ. ಅಭ್ಯಾಸಕ್ಕೆಂದು ಒಂದು ಫೋನು ಕೈಗೆ ಕೊಟ್ಟು, "ಯಾರ ಮುಂದೂ ಬಾಯಿಬಿಟ್ಟು ಹೇಳಬಾರದಂಥ ಒಂದು ಮಾತು ಇದರಾಗ ಇಡ್ರಿ" ಎಂದರೆ, ಬಹಳ ಮಂದಿ ಒಂದು ಗಳಿಗೆಯೂ ಯೋಚಿಸದೆ ಇಟ್ಟರು. ಏನಿಟ್ಟಿರಿ ಎಂದು ನಾನು ಕೇಳುವಂತಿರಲಿಲ್ಲ, ಅದು ಅಧ್ಯಯನದ ನಿಯಮ. ಆಮೇಲೆ ಅವರವರ ಒಪ್ಪಿಗೆಯಿಂದಲೇ ಅಧ್ಯಯನದ ಮುಖ್ಯ ಕಚೇರಿಯಿದ್ದ ಎಸ್ಟೋನಿಯಾದ ತಾರ್ತು ನಗರದ ಯಂತ್ರವೊಂದಕ್ಕೆ ಆಯಾ ಮನೆಯವರ ಹೆಸರುಗಳನ್ನಷ್ಟೇ ಕೊಟ್ಟು ಊಹಿಸಲು ಬಿಟ್ಟಾಗ, ಬೀಗಗಳು ಹುರಿದ ಶೇಂಗಾದ ಸಿಪ್ಪೆಯಂತೆ ಪಟಪಟ ಬಿಚ್ಚಿಕೊಂಡವು. ಅವರೆಲ್ಲ ಇಟ್ಟದ್ದು ಗಂಡನ ಹೆಸರು!

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೀವಮಾನವಿಡೀ ಗಂಡನ ಹೆಸರನ್ನು ಬಾಯಿಂದ ಆಡದ ಹೆಂಗಸಿಗೆ, 'ಆಡಬಾರದ ಮಾತು' ಎಂದೊಡನೆ ಇನ್ನೇನು ನೆನಪಾಗಬೇಕು? ಆದರೆ ಕರಡು ವರದಿಗೆ ಇದು ತಿಳಿಯಲಿಲ್ಲ. ಅದು ಇವರನ್ನೆಲ್ಲ 'ಅಜಾಗರೂಕರು' ಎಂಬ ಕಾಲಮ್ಮಿಗೆ ನೂಕಿತ್ತು. ಕೆಳಗೊಂದು ಶಿಫಾರಸು: ಇಂಥವರ ಫೋನಿನ ಸೇವೆಗಳಿಗೆ ಒಬ್ಬ 'ಪಾಲಕ' ಇರಬೇಕು, ಮನೆಯ ಇನ್ನೊಬ್ಬರು ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಿದರೆ ಮಾತ್ರ ಇವರದು ತೆರೆಯಬೇಕು. ಈ ವರದಿ ನೋಡಿಕೊಂಡು ಆಪ್ ಕಟ್ಟಲು ಒಂದು ತಂಡ ಆಗಲೇ ಕಾದು ಕುಳಿತಿತ್ತು.

ಇಟ್ಟಿಗಿ ಎಂಬ ಹಳ್ಳಿಯ ಗಂಗವ್ವನಿಗೆ ಇದನ್ನು ಹೇಳಬೇಕಾಯಿತು, ಏಕೆಂದರೆ ನನಗೆ ಮೊದಲು ಮನೆಯ ಬಾಗಿಲು ತೆರೆದವಳು ಅವಳೇ. ಅರವತ್ತು ದಾಟಿದ ಮೇಲೆ ತನ್ನದೇ ಫೋನು ಹಿಡಿದು, ಹೊಲದ ಪಹಣಿಯನ್ನು ಯಾರ ಕಾಲೂ ಹಿಡಿಯದೆ ತಾನೇ ತೆರೆದು ನೋಡಲು ಕಲಿತ ಹೆಂಗಸು. ಎಲ್ಲ ಕೇಳಿ, ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿ ಅಂದಳು:

"ಮೊದಲು ಪೆಟ್ಟಿಗಿ ಕೀಲಿಕೈ ನಮ್ಮ ಮಾವನ ಉಡದಾರದಾಗ ಇತ್ರಿ ಮೇಡಮ್ಮರ. ಮಾವ ಹೋದ ಮ್ಯಾಲೆ ನಮ್ಮನಿಯವರ ಉಡದಾರಕ್ಕ ಬಂತು. ಈಗ ಇದೊಂದು ಫೋನು ನನ್ನ ಕೈಯಾಗ ಐತಿ. ಇದನ್ನೂ ಒಯ್ದು ಮಗನ ಉಡದಾರಕ್ಕ ಕಟ್ಟಿ ಬರಬ್ಯಾಡ್ರಿ ಮತ್ತ."

"ಕಟ್ಟಂಗಿಲ್ಲ ಗಂಗವ್ವ."

"ಬಾಯಿ ಮಾತು ಬ್ಯಾಡ. ಆಣಿ ಮಾಡ್ರಿ."

ಕಂಪ್ಯೂಟರ್ ಕಲಿತವಳು ಆಣೆ ಮಾಡಬಾರದು ಎಂದು ಎಲ್ಲಿಯೂ ಬರೆದಿಲ್ಲವಲ್ಲ. ಮಾಡಿದೆ.

ಹೊರಡುವಾಗ ಒಂದು ಸಣ್ಣ ಏರ್ಪಾಡು ಮಾಡಿಕೊಂಡೆ. ನನ್ನ ಫೋನಿಗೆ ಇರುವುದು ಒಂದೇ ಸಿಮ್ಮಿನ ಜಾಗ. ಪರದೇಶದ ಸಿಮ್ಮು ಹಾಕಬೇಕೆಂದು ನಮ್ಮೂರಿನ ಸಿಮ್ಮು ತೆಗೆದು, ಕೊಟ್ಟೂರಿನಲ್ಲಿರುವ ಸೋದರತ್ತೆ ನೀಲಮ್ಮನ ಹಳೆಯ ಗುಂಡಿ ಫೋನಿಗೆ ಹಾಕಿ ಬಂದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಈ ಅತ್ತೆ, ನನಗೆ ಇರುವ ನಾಲ್ಕು ಮಾತೂ ಅವಳ ಒಲೆಯ ಮುಂದೆ ಕುಳಿತು ಕಲಿತದ್ದು. "ಯಾರು ಫೋನ್ ಮಾಡಿ ಅಂಕಿ ಕೇಳಿದ್ರೂ ಹೇಳಬ್ಯಾಡ ಅತ್ತಿ, ದೇವರ ಬಂದು ಕೇಳಿದ್ರೂ ಹೇಳಬ್ಯಾಡ" ಎಂದು ಎರಡೆರಡು ಸಲ ಹೇಳಿದೆ. ಇದರಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಯಾರಿಗೂ ಕಲಿಸಿಲ್ಲವೆಂದು ಆಮೇಲೆ ಗೊತ್ತಾಯಿತು.

ಹೆಲ್ಸಿಂಕಿಯ ಕಿಟಕಿ

ವಿಮಾನ ಬದಲಿಸಲು ಇಳಿದ ಹೆಲ್ಸಿಂಕಿಯಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನ ಹುಟ್ಟೂರಿನ ಮೇಲೆ ಬೆರಳಿಟ್ಟು ನಿಂತುಬಿಟ್ಟ. ಹ-ಗ-ರಿ ಎಂದ. ಉಸಿರು ತೆಗೆದುಕೊಂಡ. ಬೊಮ್ಮ ಎಂದ. ನಹಳ್ಳಿ ಎಂದ. ಆಮೇಲೆ ನನ್ನ ಮುಖ ನೋಡಿ, "ಇದು ಊರೋ, ಪಾಸ್‌ವರ್ಡೋ?" ಎಂದು ಕೇಳಿದ.

"ಊರೇ. ಬಂದ ಕೆಲಸ ಮಾತ್ರ ಪಾಸ್‌ವರ್ಡಿನದು" ಎಂದೆ. ಅವನು ನಕ್ಕು ಠಸ್ಸೆ ಒತ್ತಿದ. ನಮ್ಮಲ್ಲಿ ಎಚ್.ಬಿ. ಹಳ್ಳಿ ಎಂದು ಕತ್ತರಿಸಿ ಅವಸರ ಮಾಡುವ ಹೆಸರನ್ನು ಆ ಮನುಷ್ಯ ಒಂದಕ್ಷರ ಬಿಡದೆ ಓದಿ ಮುಗಿಸಿದ್ದು ನೋಡಿ ನನ್ನ ಎದೆ ಸ್ವಲ್ಪ ಉಬ್ಬಿತು.

ತಾರ್ತುವಿನ ಬಸ್ಸು

ರಾಜಧಾನಿ ಟಾಲಿನ್ನಿನಿಂದ ತಾರ್ತುವಿಗೆ ಬಸ್ಸು. ಎರಡೂವರೆ ತಾಸು ಆ ಬಸ್ಸಿನಲ್ಲಿ ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಹರಪನಹಳ್ಳಿಯಿಂದ ಹಡಗಲಿಗೆ ಹೋಗುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳ ನಿಶ್ಚಿತಾರ್ಥ, ಮಂಡಿನೋವು, ಮನೆಯ ಪಾಯ ಎಲ್ಲ ನಮಗೆ ಬಾಯಿಪಾಠವಾಗಿರುತ್ತದೆ. ಇಲ್ಲಿ ಕಿಟಕಿಯ ಹೊರಗೆ ಕಾಡು, ಒಳಗೆ ಅದಕ್ಕಿಂತ ದೊಡ್ಡ ಕಾಡು.

ಹಸಿವಾಗಿ ಚೀಲದಿಂದ ಖಡಕ್ ರೊಟ್ಟಿ ತೆಗೆದೆ. ಮುರಿದ ಸದ್ದು ಇಡೀ ಬಸ್ಸಿಗೆ ಕೇಳಿತು. ನಾಚಿಕೆಯಾಗಿ, ಪಕ್ಕದಲ್ಲಿದ್ದ ಗಡ್ಡದ ಮುದುಕನಿಗೆ ಅರ್ಧ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಚಾಚಿದೆ. ಅವನು ರೊಟ್ಟಿ ನೋಡಿದ, ನನ್ನನ್ನು ನೋಡಿದ, ತೆಗೆದುಕೊಂಡು ತಿಂದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಒಂದು ತಾಸಿನ ನಂತರ ಇಳಿಯುವಾಗ ನನ್ನ ಕಡೆ ಬಾಗಿ, "ಐತ್ಯಾ" ಎಂದ.

"ಐತ್ರಿ, ಇನ್ನೂ ಐತಿ" ಎಂದು ನಾನು ಚೀಲಕ್ಕೆ ಕೈ ಹಾಕಿದೆ. ಅವನು ಇಳಿದು ಹೋಗಿದ್ದ. ಅವರ ಭಾಷೆಯಲ್ಲಿ ಅದು ಕೃತಜ್ಞತೆಯ ಮಾತೆಂದು ಸಂಜೆ ಗೊತ್ತಾಯಿತು. ಮುಂದಿನ ಮೂರು ದಿನ ಅಂಗಡಿಯಲ್ಲಿ, ಓಣಿಯಲ್ಲಿ, ಯಾರು "ಐತ್ಯಾ" ಎಂದರೂ ನನ್ನ ನಾಲಿಗೆ ತಡೆಯಲಾರದೆ "ಐತಿ" ಎನ್ನುತ್ತಿತ್ತು. ಅವರಿಗೂ ಬೇಸರವಾಗಲಿಲ್ಲ, ನನಗೂ ಊರು ದೂರವೆನಿಸಲಿಲ್ಲ.

ಮಾಲ್ಲೆಯ ಮನೆ

ನಾನು ಉಳಿದದ್ದು ಮಾಲ್ಲೆ ಎಂಬ ನಿವೃತ್ತ ನರ್ಸಮ್ಮನ ಮನೆಯ ಒಂದು ಕೋಣೆಯಲ್ಲಿ. ಹೆಸರು ಕೇಳಿದ ಕೂಡಲೇ ಮನಸ್ಸಿನಲ್ಲಿ ಮಲ್ಲವ್ವ ಮಾಡಿಕೊಂಡೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದಳು. ಎಲಾ, ಇದು ನಮ್ಮ ಮನೆಯೇ ಎಂದುಕೊಂಡೆ.

ಆ ದೇಶದಲ್ಲಿ ಎಲ್ಲರಿಗೂ ಒಂದು ಗುರುತಿನ ಚೀಟಿ, ಅದಕ್ಕೆ ಎರಡು ಗುಪ್ತ ಸಂಖ್ಯೆ. ಆ ಚೀಟಿ ಇದ್ದರೆ ಮನೆಯಲ್ಲಿ ಕುಳಿತೇ ಸಹಿ ಮಾಡಬಹುದು, ಮತವನ್ನೂ ಹಾಕಬಹುದು. ಇಷ್ಟು ಮುಂದುವರಿದ ನಾಡಿನ ಅಜ್ಜಿ ತನ್ನ ಸಂಖ್ಯೆಗಳನ್ನು ಎಲ್ಲಿ ಇಟ್ಟಿರಬಹುದು ಎಂಬ ಕುತೂಹಲ ನನಗೆ. ನನ್ನ ಕೆಲಸ ಏನೆಂದು ಹೇಳಿದೆನೋ ಇಲ್ಲವೋ, ಮಾಲ್ಲೆ ಎದ್ದು ಹೋಗಿ ಕಪ್ಪು ಬ್ರೆಡ್ಡಿನ ಡಬ್ಬಿ ತಂದಳು. ಬ್ರೆಡ್ಡು ಎತ್ತಿದಳು. ಕೆಳಗೆ ಎರಡು ಸಂಖ್ಯೆ ಬರೆದ ಚೀಟಿ, ಹಿಟ್ಟಿನಲ್ಲಿ ಮುಳುಗಿತ್ತು.

"ಬ್ರೆಡ್ಡಿನ ಕೆಳಗೆ ಯಾರು ನೋಡುತ್ತಾರೆ?" ಎಂದಳು.

"ಈಗ ನಾನು ನೋಡಿದೆನಲ್ಲ?"

ಮಾಲ್ಲೆ ಒಂದು ಕ್ಷಣ ಯೋಚಿಸಿ, "ನೀನು ಬ್ರೆಡ್ಡು ತಿನ್ನುವುದಿಲ್ಲ, ರೊಟ್ಟಿ ತಿನ್ನುತ್ತೀ" ಎಂದು ಡಬ್ಬಿ ಮುಚ್ಚಿದಳು. ತರ್ಕ ನಮ್ಮೂರಿನದೇ.

ಮೊದಲ ದಿನ

ಊರ ನಡುವೆ ಹರಿಯುವ ಹೊಳೆಯ ಹೆಸರು ಎಮಾಯೋಗಿ. ನಮ್ಮ ಕಿವಿಗೆ ಯಾರೋ ಯೋಗಿಯ ಹೆಸರು, ಅವರಿಗೆ ತಾಯಿಹೊಳೆ. ಅದರ ದಂಡೆಯ ಕಟ್ಟಡದಲ್ಲಿ ನಮ್ಮ ಸಭೆ. ಅಧ್ಯಯನದ ಮುಖ್ಯಸ್ಥ ಟೋಮಾಸ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಮಾತ್ರ ಚಮಚದಲ್ಲಿ ಅಳೆದು ಹಾಕಿದಷ್ಟು. ನಾನು ನನ್ನ ವಾದ ಮಂಡಿಸಿದೆ. ಇವರು ಅಜಾಗರೂಕರಲ್ಲ, ಬಾಗಿಲು ಹಾಕಿ ಮಲಗುವ ಮಂದಿ, ಒಂದು ಸೂಜಿಯನ್ನೂ ಕಳೆದವರಲ್ಲ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಬೀಗರ ಮುಂದೆ ಮಗಳ ಗುಣ ಹೊಗಳುವವರ ದನಿಯಂತೆ ಕೇಳತೊಡಗಿತು.

ಟೋಮಾಸ್ ಎಲ್ಲ ಬರೆದುಕೊಂಡ. ಕೊನೆಗೆ, "ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಯಂತ್ರ ಅವರ ಬೀಗವನ್ನು ತೆರೆದಿದೆ. ಪ್ರೀತಿಯನ್ನು ನಾನು ಕೋಷ್ಟಕದಲ್ಲಿ ಹಾಕಲಾರೆ. ಸಾಕ್ಷಿ ತನ್ನಿ. ನಾಳಿದ್ದು ಮಧ್ಯಾಹ್ನ ಕರಡು ಮುಗಿಸುತ್ತೇವೆ" ಎಂದ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಎರಡನೆಯ ದಿನ

ಸಾಕ್ಷಿ ಇದ್ದರೆ ಧ್ವನಿಮುದ್ರಣಗಳಲ್ಲಿ ಇರಬೇಕು ಎಂದು ಮನಸ್ಸಿಗೆ ಬಂತು. ನಮ್ಮ ಅಧ್ಯಯನದ ಇನ್ನೊಂದು ಭಾಗದಲ್ಲಿ, ಮುಂಚೆಯೇ ಒಪ್ಪಿಗೆ ಪಡೆದು, ಯಾವತ್ತೆಂದು ಹೇಳದೆ, ನಮ್ಮವರೇ ಒಬ್ಬರು ಮೋಸಗಾರರ ಹಾಗೆ ಫೋನು ಮಾಡಿ ಪಾಸ್‌ವರ್ಡ್ ಕೇಳುತ್ತಿದ್ದರು. ನಾಲ್ಕೂ ದೇಶಗಳಲ್ಲಿ ಕರೆ ಮಾಡಿದ್ದೆವು. ಬೇರೆಯವರು ತಮ್ಮದನ್ನು ಕೇಳಿ ಗುರುತು ಹಾಕಿದ್ದರು. ಕನ್ನಡದವು ನನ್ನ ಪಾಲಿನವು. ಪರೀಕ್ಷೆ, ಪೇಪರು, ಮೌಲ್ಯಮಾಪನದ ನಡುವೆ ನಾನು ಎಲ್ಲ ಕೇಳಿ ಮುಗಿಸಿರಲಿಲ್ಲ. ಆ ತಪ್ಪು ನನ್ನದು.

ಮುದ್ರಣಗಳನ್ನು ಯಾರೂ ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಾರದೆಂದು ಅವುಗಳನ್ನು ಬೀಗ ಹಾಕಿದ ಖಾತೆಯೊಂದರಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ಮಾಲ್ಲೆಯ ಅಡುಗೆಮನೆಯಲ್ಲಿ ಕುಳಿತು ಖಾತೆ ತೆರೆಯಲು ಹೋದೆ. ಹೊಸ ದೇಶದಿಂದ ಬಂದಿದ್ದೀರಿ, ನಿಮ್ಮ ಫೋನಿಗೆ ಆರು ಅಂಕಿ ಕಳಿಸಿದ್ದೇವೆ, ಹಾಕಿ ಎಂದಿತು. ಆ ನಂಬರಿನ ಸಿಮ್ಮು ಎಲ್ಲಿದೆ? ಕೊಟ್ಟೂರಿನಲ್ಲಿ, ನೀಲಮ್ಮತ್ತೆಯ ಮಡಿಲಲ್ಲಿ!

ಎರಡು ಸಲ ಅಂಕಿಯ ಗಡುವು ಹಾಗೇ ಕಳೆದುಹೋಯಿತು. ಮೂರನೆಯದೂ ತಪ್ಪಿದರೆ ಖಾತೆ ಎರಡು ದಿನ ಬಂದ್. ಎರಡು ದಿನದ ಮೇಲೆ ಆ ಮುದ್ರಣ ಯಾರಿಗೆ ಬೇಕು? ಊರಿನಲ್ಲಿ ನಮ್ಮನೆಯವರು ದನಗಳಿಗೆ ಲಸಿಕೆ ಹಾಕುವ ಕೆಲಸದವರು. ಅಂದು ಸಿಗ್ನಲ್ಲು ಸಿಗದ ಹಳ್ಳಿಗೆ ಹೋಗಿದ್ದರು. ಪರದೇಶದ ಸಿಮ್ಮಿನಿಂದ ಊರಿಗೆ ಕರೆ ಹೋಗುತ್ತಿರಲಿಲ್ಲ. ಮಾಲ್ಲೆ ತನ್ನ ಫೋನು ಕೊಟ್ಟಳು. ಕೊನೆಯ ಅಂಕಿ ಕಳಿಸಲು ಒತ್ತಿ, ಕೊಟ್ಟೂರಿಗೆ ಕರೆ ಮಾಡಿದೆ. ಗಡುವು ಹತ್ತು ನಿಮಿಷ.

"ಅತ್ತೀ, ನಾನು ಗಿರಿಜಾ. ಈಗ ಒಂದು ಮೆಸೇಜು ಬಂದೈತಿ ನೋಡು."

"ಬಂದೈತಿ."

"ಅದರಾಗ ಆರು ಅಂಕಿ ಅದಾವಲ್ಲ, ಓದು."

"ಯಾರಂದಿ?"

"ಗಿರಿಜಾ ಅತ್ತಿ, ಗಿರಿಜಾ!"

"ಗಿರಿಜಾನ ನಂಬರ್ ಇದಲ್ಲ. ಇದ್ಯಾವುದೋ ಬ್ಯಾರೆ ನಮೂನಿ ಐತಿ."

"ಪರದೇಶದಾಗ ಅದೀನಲ್ಲ, ಇಲ್ಲಿಯವರ ಫೋನಿಲೆ ಮಾಡೀನಿ."

"ಕಳ್ಳರೆಲ್ಲ ಹಂಗ ಅಂತಾರ. ನಮ್ಮ ಗಿರಿಜಾ ಹೇಳ್ಯಾಳ, ದೇವರ ಬಂದು ಕೇಳಿದ್ರೂ ಅಂಕಿ ಹೇಳಬ್ಯಾಡ ಅಂತ."

"ಹಂಗ ಹೇಳಿದಾಕಿನ ನಾನು!"

"ಹೌದಾ? ಹಂಗಾದ್ರ ನಿನ್ನ ಗಂಡನ ಹೆಸರು ಹೇಳು ನೋಡೋಣ."

ಹೊತ್ತು ಓಡುತ್ತಿತ್ತು. ನಾನು ಹಿಂದೆಮುಂದೆ ನೋಡಲಿಲ್ಲ. "ಕೊಟ್ರೇಶ!" ಎಂದೆ.

"ಸಿಕ್ಕಿಬಿದ್ದಿ ನೋಡು!" ಎಂದು ಅತ್ತೆ ಗುಡುಗಿದಳು. "ನಮ್ಮ ಹುಡುಗಿ ನನ್ನ ಮುಂದ ಗಂಡನ ಹೆಸರು ಹಂಗ ಬೋಳು ಬೋಳು ಅಂದಾಕಿ ಅಲ್ಲ. ಅಕಿನ್ನ ಸಾಕೀನಿ ನಾನು. ಕಳ್ಳಿ! ಇಡು ಫೋನು!"

ಫೋನು ಕಟ್ಟಾಯಿತು.

ಮಾಲ್ಲೆಗೆ ಮಾತು ತಿಳಿಯದಿದ್ದರೂ ಬೈಗುಳ ತಿಳಿದಿತ್ತು. ಏನೆಂದು ಕೇಳಿದಳು. ನಮ್ಮಲ್ಲಿ ಹಿರಿಯರ ಮುಂದೆ ಗಂಡನ ಹೆಸರು ಹೇಳುವುದಿಲ್ಲ, ಹೇಳಿಬಿಟ್ಟೆ, ಅದಕ್ಕೆ ನಾನು ನಾನಲ್ಲವೆಂದು ಗೊತ್ತಾಯಿತಂತೆ ಎಂದೆ. ಮಾಲ್ಲೆಯ ಕಣ್ಣು ಅರಳಿತು. "ಒಳ್ಳೆಯ ಹೆಂಗಸು" ಎಂದಳು. "ನನ್ನ ಗಂಡನಿಗೂ ನಾನೊಂದು ಹೆಸರಿಟ್ಟಿದ್ದೆ. ಅದನ್ನು ನಾನೂ ಯಾರಿಗೂ ಹೇಳುವುದಿಲ್ಲ. ಕೇಳಿದರೆ ನಿನ್ನ ಕಿವಿ ಕೆಂಪಾಗುತ್ತದೆ."

ಐದು ನಿಮಿಷ ಉಳಿದಿತ್ತು. ಅತ್ತೆಗೆ ಬೇಕಾದದ್ದು ಹೆಸರಲ್ಲ. ಕೊಟ್ಟೂರಿನ ಸುತ್ತ ಆ ಹೆಸರಿಗೆ ಬರವೇ? ಬಸ್ ನಿಲ್ದಾಣದಲ್ಲಿ ನಿಂತು "ಕೊಟ್ರೇಶಾ" ಎಂದು ಕೂಗಿದರೆ ಬಸ್ಸಿನ ಡ್ರೈವರೂ ಸೇರಿ ಹತ್ತು ಮಂದಿ ತಿರುಗಿ ನೋಡುತ್ತಾರೆ. ಕಳ್ಳ ಕಣ್ಣು ಮುಚ್ಚಿ ಹೇಳಿದರೂ ಸರಿಯಾಗುವ ಹೆಸರದು. ಅತ್ತೆಗೆ ಬೇಕಾದದ್ದು ಒಡಪು. ಮದುವೆ, ಸೀಮಂತದಲ್ಲಿ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಕಾಡಿದಾಗ, ಹೆಸರನ್ನು ನಾಲ್ಕು ಸಾಲಿನೊಳಗೆ ಸುತ್ತಿ ಹೇಳುತ್ತಾರಲ್ಲ, ಅದು. ಮತ್ತೆ ಕರೆ ಮಾಡಿದೆ. ಬೈಯಲೆಂದೇ ಅತ್ತೆ ಎತ್ತಿದಳು. ಅವಳು ಬಾಯಿ ತೆರೆಯುವ ಮುಂಚೆ ನಾನು ರಾಗ ಎಳೆದೆ:

"ಕೊಟ್ಟೂರ ಮಂಡಕ್ಕಿಗೆ ಮಿರ್ಚಿ ಜೋಡಿ,
ಹಡಗಲಿ ಮಲ್ಲಿಗಿ ಮುಡಿದೀನಿ ನೋಡಿ,
ಪರದೇಶದಾಗ ನಿಂತೀನಿ ಅತ್ತಿ, ನನ್ನ ಮಾತ ಕೇಳ,
ಕೊಟ್ರೇಶಪ್ಪನ ಹೆಂಡತಿ ನಾನ, ಆರು ಅಂಕಿ ಹೇಳ!"



"ಒಡಪು ಚಂದ ಕಟ್ಟೀದಿ" ಎಂದಳು ಅತ್ತೆ. "ಆದ್ರ ಲೇ, ನಿನಗ ಮಿರ್ಚಿ ತಿಂದ್ರ ಎದಿ ಉರಿತೈತಿ. ಅಲ್ಲಿ ಹೋಗಿ ಮಿರ್ಚಿ ಗಿರ್ಚಿ ತಿಂದು ಕುಂತಿಯೇನು?"

"ಅತ್ತೀ, ಅಂಕಿ!"

"ಹೇಳ್ತೀನಿ ತಡಿ, ಚಾಳೀಸು ಎಲ್ಲಿ ಇಟ್ಟೀನಿ..."

ಕನ್ನಡಕ ಹಣೆಯ ಮೇಲೇ ಇತ್ತಂತೆ. ಖಾತೆ ತೆರೆದಾಗ ಗಡುವಿಗೆ ಅರ್ಧ ನಿಮಿಷ ಬಾಕಿ.

ಅಂದು ನಾನು ಊಟಕ್ಕೂ ಏಳಲಿಲ್ಲ. ಕಿವಿಗೆ ಇಯರ್‌ಫೋನು ಸಿಕ್ಕಿಸಿ ಒಂದೊಂದೇ ಕರೆ ಕೇಳಿದೆ. ಈಗ ನನಗೆ ಏನನ್ನು ಕೇಳಬೇಕೆಂದು ಗೊತ್ತಿತ್ತು. ಫೋನು ಮಾಡಿದವನು ಬೇಡುತ್ತಾನೆ, ಹೆದರಿಸುತ್ತಾನೆ, ನಿಮ್ಮ ಫೋನು ಬಂದಾಗುತ್ತದೆ ಎನ್ನುತ್ತಾನೆ. ಕೂಡ್ಲಿಗಿಯ ಒಬ್ಬಾಕೆ ನಕ್ಕಳು, ಹೇಳಲಿಲ್ಲ. ಕೊಟ್ಟೂರಿನ ಇನ್ನೊಬ್ಬಾಕೆ ಹೆದರಿ ಅತ್ತಳು, ಆದರೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಗಂಗವ್ವನ ದನಿ ಬಂತು.

"ಅಮ್ಮಾ, ಬೇಗ ಹೇಳಿ, ಇಲ್ಲದಿದ್ದರೆ ನಿಮ್ಮ ಫೋನೇ ಸತ್ತುಹೋಗುತ್ತದೆ!" ಎನ್ನುತ್ತಾನೆ ಇವನು.

"ಸಾಯಲಿ ಬಿಡಪ್ಪ" ಎನ್ನುತ್ತಾಳೆ ಗಂಗವ್ವ. "ಐವತ್ತು ವರ್ಷ ಅಂದಿಲ್ಲ ಆ ಮಾತು. ನಮ್ಮ ಅತ್ತಿ ಕೇಳಿದ್ರೂ ಅಂದಿಲ್ಲ. ಯಾರೋ ಏನೋ ನೀನು, ನಿನಗಾಗಿ ಅನ್ನಲೇನು?"

ನಾನು ಅಡುಗೆಮನೆಯಲ್ಲಿ ಒಬ್ಬಳೇ ಜೋರಾಗಿ 'ಶಾಬಾಶ್' ಎಂದೆ. ಮಾಲ್ಲೆ ಬಂದು ಮುಂದೆ ಸೂಪಿನ ಬಟ್ಟಲಿಟ್ಟು ಹೋದಳು.

ಮೂರನೆಯ ದಿನ

ಸಭೆಯಲ್ಲಿ ಎದ್ದು ನಿಂತಾಗ ನನ್ನಲ್ಲಿ ಹೊಗಳಿಕೆಯ ಮಾತು ಒಂದೂ ಉಳಿದಿರಲಿಲ್ಲ.

"ಗುಪ್ತಪದ ಕಳ್ಳನ ಕೈಗೆ ಹೋಗುವುದಕ್ಕೆ ಎರಡು ದಾರಿ. ಅವನು ಊಹಿಸಬೇಕು, ಇಲ್ಲ ನಾವು ಹೇಳಬೇಕು. ನೀವು ಮೊದಲ ದಾರಿಯನ್ನು ಮಾತ್ರ ಅಳೆದು, 'ಅಜಾಗರೂಕರು' ಎಂದು ಬರೆದಿರಿ. ನಮ್ಮ ಹೆಂಗಸರ ಪದ ಊಹೆಗೆ ಸಿಗುತ್ತದೆ, ಒಪ್ಪಿದೆ. ಆದರೆ ಅದು ಬಾಯಿಂದ ಬೀಳುವುದಿಲ್ಲ" ಎಂದೆ. ಅನುವಾದದ ಜೊತೆ ಮೂರು ಮುದ್ರಣ ಕೇಳಿಸಿದೆ. ಗಂಗವ್ವನದು ಕೊನೆಗೆ. ನನ್ನ ಅತ್ತೆ ನನ್ನನ್ನು ಕಳ್ಳಿ ಮಾಡಿದ್ದನ್ನೂ ಹೇಳಿದೆ. "ಅವಳ ಬೀಗ ಇದ್ದದ್ದು ಹೆಸರಿನಲ್ಲಲ್ಲ, ಹೆಸರು ಹೇಳದ ರೂಢಿಯಲ್ಲಿ."

ಕೆಟ್ಟದ್ದನ್ನೂ ನಾನೇ ಹೇಳಿದೆ, ಬೇರೆಯವರು ಹುಡುಕಿ ತೆಗೆಯುವ ಮುಂಚೆ. ಕೂಡ್ಲಿಗಿ ಕಡೆಯ ಒಬ್ಬ ಅಜ್ಜಿ, ಫೋನಿನವನ ಕಾಟ ತಾಳದೆ, ತನ್ನ ಬಾಯಿಂದ ಆಡದಿದ್ದರಾಯಿತು ಎಂದುಕೊಂಡು, ಮೊಮ್ಮಗಳನ್ನು ಕರೆದು, "ನೀನ ಹೇಳವ್ವ ಇವಗ, ನಿಮ್ಮಜ್ಜನ ಹೆಸರು" ಎಂದಿದ್ದಳು. ಮೊಮ್ಮಗಳು ಇನಿಶಿಯಲ್ ಸಮೇತ ಹೇಳಿದ್ದಳು.

ಯಾರೂ ನಗಲಿಲ್ಲ. ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಸಭೆ ಇಷ್ಟು ಸುಮ್ಮನಾದರೆ ಭಾಷಣಕಾರ ಕೆಟ್ಟನೆಂದೇ ಅರ್ಥ. ಇಲ್ಲಿ ಅವರು ಯೋಚಿಸುತ್ತಿದ್ದಾರೆಂದು ಅರ್ಥವಂತೆ. ನಾನು ಮಾತ್ರ ನಮ್ಮೂರಿನ ಅರ್ಥವನ್ನೇ ಹಿಡಿದು ಕಾಗದ ಮಡಚತೊಡಗಿದೆ.

ಟೋಮಾಸ್ ತನ್ನ ಪರದೆಯಲ್ಲಿ ಏನನ್ನೋ ತೆರೆದ. "ನಮ್ಮ ಕಡೆಯ ಕರೆಗಳನ್ನು ನಾವು ಕೋಷ್ಟಕದಲ್ಲಿ ಕೊನೆಗೆ ಹಾಕಿದ್ದೇವೆ" ಎಂದ. "ನಮ್ಮವರ ಪದಗಳನ್ನು ಯಂತ್ರ ಊಹಿಸಲಾರದು. ಆದರೆ ಫೋನಿನಲ್ಲಿ ಯಾರಾದರೂ ಸೌಜನ್ಯದಿಂದ ಕೇಳಿದರೆ ನಮ್ಮವರು ಸೌಜನ್ಯದಿಂದ ಹೇಳಿಬಿಡುತ್ತಾರೆ." ಒಂದು ಕ್ಷಣ ಬಿಟ್ಟು ಸೇರಿಸಿದ, "ನನ್ನ ತಾಯಿಯೂ."

ಆಗ ಸಭೆ ನಕ್ಕಿತು.

ಆದರೆ ಅವನು ಸುಲಭಕ್ಕೆ ಬಿಡುವವನಲ್ಲ. "ಪದ ತೆಗೆಯೋಣ. ಪಾಲಕ ಮಾತ್ರ ಇರಲಿ. ಕಳ್ಳ ಫೋನು ಮಾಡದೆ, ಸುಮ್ಮನೆ ಹೆಸರು ಒತ್ತಿದರೆ?"

ಇದೇ ಗಂಗವ್ವನ ಕೀಲಿಕೈ. ಪದ ಹೋಗಿ ಪಾಲಕ ಉಳಿದರೆ ನನ್ನ ಆಣೆ ಗಾಳಿಗೆ ಹೋದಂತೆ.

"ಹೆಸರು ಒತ್ತುವವನು ಯಾರು?" ಎಂದು ಕೇಳಿದೆ. "ದೂರದ ಕಳ್ಳನಿಗೆ ಇಟ್ಟಿಗಿಯ ಗಂಗವ್ವನ ಗಂಡನ ಹೆಸರು ಗೊತ್ತಿಲ್ಲ. ಅದಕ್ಕೇ ಅವನು ಫೋನು ಮಾಡಿ ಕೇಳುತ್ತಾನೆ. ಹೆಸರು ಗೊತ್ತಿರುವುದು ಮನೆಯವರಿಗೆ, ಮಗನಿಗೆ, ಮೈದುನನಿಗೆ. ಈಗ ಹೇಳಿ, ನೀವು ಪಾಲಕ ಎಂದು ಯಾರನ್ನು ಕೂರಿಸುತ್ತೀರಿ?"

ಟೋಮಾಸ್ ನನ್ನನ್ನು ನೋಡಿದ.

"ಅವರನ್ನೇ" ಎಂದೆ. "ಯಾರು ಊಹಿಸಬಲ್ಲರೋ ಅವರ ಕೈಗೇ ಬೀಗ ಕೊಡುತ್ತಿದ್ದೀರಿ. ಇದಕ್ಕಿಂತ ಆಕೆಗೆ ಆ ಪದದ ಜೊತೆ ಇನ್ನೊಂದು ಪದ ಇಡಲು ಕಲಿಸಿ. ಆಡಬಾರದ್ದನ್ನು ಆಡದಿರುವುದು ಆಕೆಗೆ ಗೊತ್ತೇ ಇದೆ, ಅದನ್ನು ನಾವು ಯಾರೂ ಕಲಿಸಬೇಕಿಲ್ಲ."

ಕೂರಬೇಕೆನಿಸಿತು. ಕೂರಲಿಲ್ಲ. ಅವನು ಬಾಯಿ ತೆರೆಯುವ ತನಕ ನಿಂತೇ ಇರುತ್ತೇನೆ, ಸಂಜೆಯಾದರೂ ಸರಿ ಎಂದು ಮೇಜಿನ ಅಂಚು ಹಿಡಿದು ನಿಂತೆ. ಟೋಮಾಸ್ ಬಾಯಿ ತೆರೆಯಲಿಲ್ಲ. ಪೆನ್ನು ತೆಗೆದ. ಮುದ್ರಿಸಿದ ಕರಡಿನ ಮೇಲೆ 'ಅಜಾಗರೂಕರು' ಎಂಬುದನ್ನು ಹೊಡೆದ, ನಮ್ಮವರದಷ್ಟೇ ಅಲ್ಲ, ನಾಲ್ಕೂ ದೇಶಗಳದು. ಪುಟ ತಿರುಗಿಸಿದ. ಪಾಲಕನ ಶಿಫಾರಸಿನ ಮೇಲೆ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದೇ ಗೆರೆ ಎಳೆದ.

"ಐತ್ಯಾ" ಎಂದ ನನಗೆ.

"ಐತಿ" ಎಂದು ಚೀಲಕ್ಕೆ ಕೈ ಹಾಕಿ, ಉಳಿದಿದ್ದ ಒಂದು ಖಡಕ್ ರೊಟ್ಟಿಯನ್ನು ಅವನ ಕಡೆ ಚಾಚಿದೆ.

ಇಟ್ಟಿಗಿ

ಮರಳಿ ಬಂದ ವಾರವೇ ಇಟ್ಟಿಗಿಗೆ ಹೋದೆ. ಗಂಗವ್ವನ ಗಂಡ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಅವಳು ಒಳಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಆಮೇಲೆ ಕೇಳಿದಳು: "ಆತೇನ್ರಿ?"

"ಆತು ಗಂಗವ್ವ. ಫೋನಿಗೆ ಯಾರ ಅಪ್ಪಣಿನೂ ಬ್ಯಾಡ. ನಿನ್ನದು ನಿನ್ನ ಕೈಯಾಗ."

ಅವಳು ತಲೆಯಾಡಿಸಿದಳು, ಅಷ್ಟೇ. ಕಣ್ಣು ಒರೆಸಿಕೊಳ್ಳುವ ಜಾತಿಯವಳಲ್ಲ.

"ಆದ್ರ ಒಂದು ಕೆಲಸ ಐತಿ" ಎಂದೆ. "ಆ ಹೆಸರು ಒಂದ ಇಟ್ರ ಸಾಲಂಗಿಲ್ಲ. ಮಂದಿ ಊಹಿ ಮಾಡತಾರ. ಅದರ ಜೋಡಿ ಇನ್ನೊಂದು ಮಾತು ಸೇರಸಬೇಕು. ಯಾರ ಮುಂದೂ ಆಡಲಾರದಂಥಾದ್ದು. ನಿಧಾನಕ್ಕ ವಿಚಾರ ಮಾಡಿ ಇಡು, ಅವಸರ ಇಲ್ಲ."

"ವಿಚಾರ ಯಾಕ ಮಾಡಬೇಕ್ರಿ" ಎಂದಳು ಗಂಗವ್ವ. ಫೋನು ತೆಗೆದುಕೊಂಡು ನನಗೆ ಬೆನ್ನು ಮಾಡಿ ಕುಳಿತಳು. "ಹೆಣಮಕ್ಕಳು ಆಡಲಾರದ ಮಾತು ಗಂಡನ ಹೆಸರು ಒಂದ ಅಂತ ತಿಳದೀರೇನು ಮೇಡಮ್ಮರ?"

ಒಂದು ಬೆರಳಿನಿಂದ ಒತ್ತತೊಡಗಿದಳು. ಒಂದು ಪದ ಮುಗಿಯುವಷ್ಟು ಹೊತ್ತಾಯಿತು, ಎರಡು ಮುಗಿಯುವಷ್ಟು ಹೊತ್ತಾಯಿತು. ಹೊರಗಿನಿಂದ ಗಂಡ ಚಹಾ ಕೇಳಿದರು. "ಬಂದೆ ತಡೀರಿ" ಎಂದಳು, ಬೆರಳು ನಿಲ್ಲಿಸಲಿಲ್ಲ. ಒತ್ತುತ್ತಲೇ ಇದ್ದಳು.